ಗೋಡೆಬಳ್ಳಿಯ ಪತಂಗ

ಬಣ್ಣ ಕಲಸಲು ನೆನೆಸಿಟ್ಟ ಗೋಂದಿಗೆ ಲವಂಗದೆಣ್ಣೆ ಬಿದ್ದಾಗ ಒಂದು ವಾಸನೆ ಏಳುತ್ತದೆ. ಸ್ವಲ್ಪ ಸಿಹಿ, ಸ್ವಲ್ಪ ಔಷಧಿ, ಅದರಡಿಯಲ್ಲಿ ಎಲ್ಲೋ ಒದ್ದೆ ತೊಗಟೆಯ ಕಮಟು. ಮನೆಮಂದಿಯೆಲ್ಲ ಹಸಿರು ಎಂದು ಕರೆಯುತ್ತಿದ್ದ ಹೆಣ್ಣುಮಗಳಿಗೆ ತಾಯಿಯ ಮುಖಕ್ಕಿಂತ ಮೊದಲು ನೆನಪಾಗುತ್ತಿದ್ದುದು ಆ ವಾಸನೆ. ತಾಯಿ ಎತ್ತಿಕೊಂಡರೂ ಅದೇ, ತಲೆ ಬಾಚಿದರೂ ಅದೇ, ಜ್ವರ ಬಂದಾಗ ಹಣೆ ಮುಟ್ಟಿದರೂ ಅದೇ. ಚಿಕ್ಕವಳಿದ್ದಾಗ ಪಕ್ಕದ ಬೀದಿಯ ಮನೆಗೆ ಆಡಲು ಹೋಗಿ, ಅಲ್ಲಿಯ ಅಮ್ಮನ ಕೈ ಮೂಸಿ ನೋಡಿ, ಪಾಪ ಇವರ ಕೈಗೆ ವಾಸನೆಯೇ ಇಲ್ಲವಲ್ಲ ಎಂದು ಮರುಗಿಕೊಂಡು ಬಂದಿದ್ದಳಂತೆ.

ಅದು ಪುಸ್ತಕದ ಚಿತ್ರಗಳಿಗೆ ಕೈಯಲ್ಲೇ ಬಣ್ಣ ತುಂಬುತ್ತಿದ್ದ ಕಾಲ. ತಾಮ್ರದ ತಗಡಿನ ಮೇಲೆ ಕೆತ್ತಿ ಅಚ್ಚೊತ್ತಿದ ಹಾಳೆಗಳು ಬರೀ ಕಪ್ಪು ಗೆರೆ ಹೊತ್ತು ಕಟ್ಟುಕಟ್ಟಾಗಿ ಈ ಮನೆಗೆ ಬರುತ್ತಿದ್ದವು, ಬಣ್ಣ ಉಟ್ಟುಕೊಂಡು ಹೋಗುತ್ತಿದ್ದವು. ನಡುಕೋಣೆಯಲ್ಲಿ ಒಂದು ಉದ್ದನೆಯ ಮೇಜು, ಅದರ ಬದಿಗೆ ಬಣ್ಣಕ್ಕೊಬ್ಬರಂತೆ ಕುರ್ಚಿ. ಹಾಳೆ ಹಸಿರಿನಿಂದ ಹೊರಟು, ಕಂದು ದಾಟಿ, ಹಳದಿ ಮುಟ್ಟಿ, ಕೊನೆಗೆ ದೊಡ್ಡತ್ತೆಯ ಮುಂದೆ ಬಂದು ನಿಲ್ಲುತ್ತಿತ್ತು. ಕೆಂಪು, ನೀಲಿಯಂಥ ಅಪರೂಪಕ್ಕೆ ಬೇಕಾಗುವ ಬಣ್ಣಗಳೂ, ತಪ್ಪು ಹುಡುಕುವ ಕೆಲಸವೂ ದೊಡ್ಡತ್ತೆಯವು. ತಾಯಿ ತೀರಿಕೊಂಡ ಮೇಲೆ ಹಸಿರಿನ ಕುರ್ಚಿ ಮಗಳಿಗೆ ಬಂತು, ಕುರ್ಚಿಯ ಜೊತೆಗೆ ಹೆಸರೂ ಬಂತು. ಅವಳ ಅಣ್ಣನದು ಕಂದು. ಹಳದಿ ಚಿಕ್ಕಪ್ಪನದು. ಹೊರಗಿನವರು ಬಾಗಿಲಲ್ಲಿ ನಿಂತು ಹಳದಿ ಇದ್ದಾರಾ ಎಂದು ಕೇಳಿದರೆ ಆ ಮನೆಯಲ್ಲಿ ಯಾರಿಗೂ ನಗು ಬರುತ್ತಿರಲಿಲ್ಲ.

ಆ ಮೇಜಿಗೆ ಒಂದು ಕಟ್ಟುನಿಟ್ಟಿತ್ತು. ಪುಸ್ತಕ ಬರೆದವರು ತಾವೇ ಬಣ್ಣ ಹಾಕಿ ಕೊಟ್ಟ ಒಂದು ಹಾಳೆಯನ್ನು ಮೇಜಿನ ನಡುವೆ ನಿಲ್ಲಿಸಿರುತ್ತಿದ್ದರು. ಅದು ಮಾದರಿ. ಕಣ್ಣು ಮಾದರಿಯ ಮೇಲಿರಬೇಕು, ಕಿಟಕಿಯಾಚೆ ಹೋಗಕೂಡದು. ಅಣ್ಣ ಹೊಸದಾಗಿ ಕುಂಚ ಹಿಡಿದಾಗ ಗುಬ್ಬಿಯೊಂದಕ್ಕೆ ಅಂಗಳದ ಗುಬ್ಬಿಯ ಕಂದು ಹಾಕಿ ದೊಡ್ಡತ್ತೆಯ ಕೈಗೆ ಸಿಕ್ಕಿಬಿದ್ದಿದ್ದ. ನಮ್ಮಂಗಳದ ಗುಬ್ಬಿ ನೋಡಬೇಕಾದವರು ನಮ್ಮಂಗಳಕ್ಕೇ ಬರುತ್ತಾರೆ, ಪುಸ್ತಕ ಯಾಕೆ ಕೊಳ್ಳುತ್ತಾರೆ ಎಂದು ಅವರು ಕೇಳಿದ್ದಕ್ಕೆ ಅವನು ಇವತ್ತಿನವರೆಗೂ ಉತ್ತರ ಹುಡುಕುತ್ತಲೇ ಇದ್ದಾನೆ ಎಂದು ಚಿಕ್ಕಪ್ಪ ಆಗಾಗ ರೇಗಿಸುತ್ತಿದ್ದರು.

ಇನ್ನೊಂದು ನಿಯಮ ಯಾರೂ ಬಾಯಿಬಿಟ್ಟು ಹೇಳದೆಯೇ ನಡೆದುಕೊಂಡು ಬಂದಿತ್ತು. ಪುಸ್ತಕದಲ್ಲಿ ಯಾರ ಬಣ್ಣ ಇಲ್ಲವೋ ಆ ಪುಸ್ತಕ ಮುಗಿಯುವವರೆಗೆ ಅವರಿಗೆ ಮೇಜಿನ ಬಳಿ ಕುರ್ಚಿ ಇಲ್ಲ. ಹಿಂದಿನ ಕೋಣೆಯಲ್ಲಿ ಗೋಂದು ಸೋಸಬೇಕು, ಹಾಳೆ ಬೇರ್ಪಡಿಸಬೇಕು. ಅಜ್ಜ ಮುಪ್ಪಿನಲ್ಲಿ ಕೈನಡುಕ ಬಂದು ಹಿಂದಿನ ಕೋಣೆ ಸೇರಿದವರು, ಕುರ್ಚಿಯ ಜೊತೆಗೆ ಮಾತನ್ನೂ ಬಿಟ್ಟಿದ್ದರು. ಊಟಕ್ಕೆ ಕರೆದರೆ ಬರುವರು, ಕರೆಯದಿದ್ದರೆ ಇಲ್ಲ. ಅದನ್ನು ನೋಡಿದವರೆಲ್ಲ ಇನ್ನೂ ಆ ಮನೆಯಲ್ಲಿದ್ದರು.

ಆ ಸಲ ಬಂದದ್ದು ಪತಂಗಗಳ ಪುಸ್ತಕ. ಬರೆದವರು ಊರಿನ ಇನ್ನೊಂದು ತುದಿಯಲ್ಲಿದ್ದ ಒಬ್ಬ ವಯಸ್ಸಾದ ಹೆಂಗಸು, ಈ ಮನೆಯವರ ಬಾಯಲ್ಲಿ ಪುಸ್ತಕದಮ್ಮ. ಒಂದೊಂದು ಹಾಳೆಗೂ ಒಂದು ಗಿಡ. ಎಲೆಯ ಮೇಲೆ ಮೊಟ್ಟೆ, ಎಲೆ ತಿನ್ನುವ ಹುಳು, ಕಡ್ಡಿಗೆ ಅಂಟಿದ ಕೋಶ, ಮೇಲುಗಡೆ ರೆಕ್ಕೆ ಹರಡಿದ ಪತಂಗ. ಒಂದು ಜೀವದ ಪೂರ್ತಿ ಸಂಸಾರ ಒಂದೇ ಹಾಳೆಯಲ್ಲಿ. ಹೀಗೆ ಚಿತ್ರಿಸಿದ್ದನ್ನು ಹಸಿರು ಹಿಂದೆ ನೋಡಿರಲಿಲ್ಲ. ಎಲೆಗೆ ಬಣ್ಣ ತುಂಬುತ್ತ ತುಂಬುತ್ತ ಅವಳ ಕಣ್ಣು ಹುಳುವಿನ ಹತ್ತಿರ ಹೋಗಿ ನಿಂತುಬಿಡುತ್ತಿತ್ತು. ಇಷ್ಟು ಚಿಕ್ಕದು ಅಷ್ಟು ಅಗಲದ ರೆಕ್ಕೆಯನ್ನು ಎಲ್ಲಿ ಮಡಚಿಟ್ಟುಕೊಂಡಿರುತ್ತದೆ? ಇದೇ ಗಿಡದ ಎಲೆಯೇ ಯಾಕೆ ಬೇಕು ಅದಕ್ಕೆ? ಅಣ್ಣ ಮೊಣಕೈಯಿಂದ ತಿವಿದು, ಹಾಳೆ ಮುಂದೆ ಕಳಿಸು ಮಹರಾಯ್ತಿ, ನನ್ನ ಕಂದು ಒಣಗಿ ಇಟ್ಟಿಗೆಯಾಯ್ತು ಎನ್ನುವವರೆಗೆ ಅವಳಿಗೆ ಎಚ್ಚರ ಇರುತ್ತಿರಲಿಲ್ಲ.

ಅದೇ ಹೊತ್ತಿಗೆ ಚಿಕ್ಕಪ್ಪನ ಕಣ್ಣಿಗೆ ಪೊರೆ ಬರತೊಡಗಿತ್ತು. ಹೆಂಡತಿ ತೀರಿಹೋದ ಮೇಲೆ ಅವರಿಗೆ ಇದ್ದದ್ದೆಲ್ಲ ಆ ಮೇಜು, ಮೇಜಿನ ಸುತ್ತಲಿನ ಮಾತು. ಹೂವಿನ ಕೇಸರಕ್ಕೆ ಇಡಬೇಕಾದ ಚುಕ್ಕೆ ಎಸಳಿನ ಮೇಲೆ ಬೀಳತೊಡಗಿದಾಗ ದೊಡ್ಡತ್ತೆ ತಮ್ಮನಿಗೆ ಒಂದು ಮಾತೂ ಅನ್ನಲಿಲ್ಲ. ಸಣ್ಣ ಹಳದಿಗಳನ್ನು ಒಂದೊಂದಾಗಿ ಹಸಿರಿನ ಅಣ್ಣನ ಕಡೆಗೆ ಸರಿಸಿದರು. ಅಣ್ಣನೂ ತನ್ನ ಕಂದಿನ ಬಟ್ಟಲ ಹಿಂದೆ ಒಂದು ಹಳದಿ ಬಟ್ಟಲನ್ನು ಕಾಣದಂತೆ ಇಟ್ಟುಕೊಂಡ. ಕೊನೆಗೆ ಚಿಕ್ಕಪ್ಪನ ಪಾಲಿಗೆ ಉಳಿದದ್ದು ಒಂದೇ ಹಾಳೆ, ಗೋಡೆಬಳ್ಳಿಯದು. ಬಿಳಿ ಹೂವಿನ ಸಾದಾ ಬಳ್ಳಿ, ಅದರ ಮೇಲೆ ಒಣಹುಲ್ಲಿನ ಬಣ್ಣದ, ಅಗಲ ರೆಕ್ಕೆಯ ಪತಂಗ. ದೊಡ್ಡ ಜಾಗ, ಒಂದೇ ಬಣ್ಣ, ಅಂಚಿಗೆ ದಪ್ಪ ಗೆರೆ. ಮಬ್ಬುಗಣ್ಣಿಗೂ ಸಿಗುವಂಥ ಕೆಲಸ. ಚಿಕ್ಕಪ್ಪ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕೂತು, ಪತಂಗಕ್ಕೆ ಹಳದಿ ಹಾಕುತ್ತ, ಹಳೆಯ ಕಥೆಗಳಿಗೆ ಹೊಸ ಬಾಲ ಸೇರಿಸಿ ಹೇಳುತ್ತಿದ್ದರು.

ಆ ಹಾಳೆಯ ಎಲೆಯ ಬಣ್ಣ ಹಸಿರಿಗೆ ಯಾಕೋ ಒಗ್ಗಲಿಲ್ಲ. ಮಾದರಿಯಲ್ಲಿ ಎಲೆಯ ಅಡಿಭಾಗ ಬೂದಿ ಬಳಿದಂತೆ ಇತ್ತು. ಅದೇ ಬಳ್ಳಿ ಅಂಗಳದ ಗೋಡೆಯ ಮೇಲೆ ಹಬ್ಬಿಕೊಂಡಿದ್ದುದರಿಂದ ಒಂದು ಸಂಜೆ, ದೊಡ್ಡತ್ತೆ ಒಳಗಿರುವುದನ್ನು ನೋಡಿಕೊಂಡು, ಎಲೆ ಮಗುಚಿ ನೋಡಲು ಹೋದಳು. ಅವಳು ಹಿಡಿಯಹೋದ ಎಲೆ ಮೆಲ್ಲಗೆ ಅಲುಗಿತು. ಗಾಳಿ ಇರಲಿಲ್ಲ. ಬಗ್ಗಿ ನೋಡಿದರೆ ಅದು ಎಲೆಯಾಗಿರಲಿಲ್ಲ, ಎಲೆಗೆ ಒರಗಿ ಕೂತ ಪತಂಗ. ಮುಂದಿನ ರೆಕ್ಕೆಯ ಮೇಲೆ ಎರಡು ಬಿಳಿಯ ಅಲೆಗೆರೆ, ಹಿಂದಿನದರ ಮೇಲೆ ಒಂದು, ಹಿಂದಿನ ರೆಕ್ಕೆಯ ಅಂಚಿನ ನಡುವೆ ಉಗುರಿನಿಂದ ಚಿವುಟಿ ಎಳೆದಂಥ ಒಂದು ಚೂಪು ಮೂಲೆ. ಆ ಗೆರೆಗಳನ್ನು ದಿನವೂ ನೋಡಿ ನೋಡಿ ಅವಳಿಗೆ ಅಂಗೈ ರೇಖೆಯಷ್ಟು ಪರಿಚಯವಾಗಿತ್ತು. ಚಿಕ್ಕಪ್ಪ ಹಳದಿ ತುಂಬುತ್ತಿದ್ದ ಪತಂಗವೇ ಇದು. ಆದರೆ ಹಸಿರಾಗಿತ್ತು.

ಅವಳಿಗೆ ಮೊದಲು ಬಂದದ್ದು ಸಂತೋಷ, ಅದರ ಬೆನ್ನಿಗೇ ಬಂದದ್ದು ಹೆದರಿಕೆ. ಮಾದರಿ ತಪ್ಪಿದ್ದರೆ ಪತಂಗ ಚಿಕ್ಕಪ್ಪನ ಕೈ ಬಿಟ್ಟುಹೋಗುತ್ತದೆ. ಹೋಗಿ ಸೇರುವುದಾದರೂ ಎಲ್ಲಿಗೆ? ತನ್ನ ಕುರ್ಚಿಗೇ. ಚಿಕ್ಕಪ್ಪನ ಕೊನೆಯ ಕೆಲಸವನ್ನು ಕಿತ್ತುಕೊಂಡವಳು ಎಂದು ತಾನೇ ತನ್ನನ್ನು ಅಂದುಕೊಳ್ಳುವ ಹಾಗಾಗುತ್ತದೆ. ಹೇಳದೆ ಇದ್ದರೆ, ಪುಸ್ತಕ ಹೋದ ಊರೂರಲ್ಲೆಲ್ಲ ಜನ ಬಳ್ಳಿಯ ಮೇಲೆ ಹಳದಿ ಪತಂಗ ಹುಡುಕುತ್ತ, ಕಣ್ಣೆದುರು ಕೂತ ಹಸಿರನ್ನು ಎಲೆ ಎಂದುಕೊಂಡು ಮುಂದೆ ಹೋಗುತ್ತಾರೆ. ಅವಳು ಬಾಯಿಗೆ ಬೀಗ ಹಾಕಿಕೊಂಡು ಒಳಗೆ ಬಂದಳು. ಗೆರೆ ಒಂದೇ ಥರ ಇದ್ದರೂ ಇದು ಬೇರೆಯೇ ಜಾತಿ ಇರಬಹುದಲ್ಲ ಎಂಬ ಒಂದು ಆಸೆ ಅವಳಿಗೆ ಆಸರೆಯಾಗಿತ್ತು. ಅದನ್ನು ತಿಳಿಯಲು ಇದ್ದದ್ದು ಒಂದೇ ದಾರಿ, ಹುಳುವಿನಿಂದ ಸಾಕಿ ನೋಡುವುದು.

ಹುಳು ಹುಡುಕುವುದೇನೂ ಸುಲಭವಿರಲಿಲ್ಲ. ಮಾದರಿಯಲ್ಲಿದ್ದ ಹುಳುವಿನ ಬೆನ್ನ ಮೇಲೆ ಏನೋ ಚಿಂದಿ ಚಿಂದಿಯಾಗಿ ಕೆತ್ತಿತ್ತು. ಅಣ್ಣನಂತೂ ಕೆತ್ತನೆಗಾರನಿಗೆ ಅವತ್ತು ಹೆಂಡತಿ ಬೈದಿರಬೇಕು, ಉಳಿ ಜಾರಿದೆ ಎಂದೇ ತೀರ್ಮಾನಿಸಿದ್ದ. ಬಳ್ಳಿಯನ್ನು ದಿನವೂ ಜಾಲಾಡಿದ ಮೇಲೆ ಒಂದು ಮಧ್ಯಾಹ್ನ ಒಣಗಿದ ಹೂವಿನ ಚೂರೊಂದು ಗೇಣು ಹಾಕುತ್ತ ನಡೆಯುವುದನ್ನು ಅವಳು ಕಂಡಳು. ಹುಳು ಎಸಳನ್ನು ಕಚ್ಚಿ ತುಂಡು ಮಾಡಿ, ತನ್ನದೇ ನೂಲಿನಿಂದ ಬೆನ್ನಿಗೆ ಹೊಲಿದುಕೊಂಡಿತ್ತು. ಬೆನ್ನ ಮೇಲಿನ ಎಸಳು ಬಾಡಿದರೆ ಕಿತ್ತೆಸೆದು ಹೊಸದು ಅಂಟಿಸಿಕೊಳ್ಳುತ್ತಿತ್ತು. ಕೆತ್ತನೆಗಾರನ ಉಳಿ ಎಲ್ಲೂ ಜಾರಿರಲಿಲ್ಲ.

ಗಾಜಿನ ಭರಣಿಗೆ ತೆಳುಬಟ್ಟೆ ಕಟ್ಟಿ ಅದನ್ನು ಇಡಲು, ನಡುಕೋಣೆ ಬಿಟ್ಟರೆ, ಮನೆಯಲ್ಲಿ ಒಳ್ಳೆಯ ಬೆಳಕಿದ್ದದ್ದು ಚಿಕ್ಕಪ್ಪನ ಕೋಣೆಯ ಕಿಟಕಿಯಲ್ಲಿ ಮಾತ್ರ. ಹುಳು ರೆಕ್ಕೆ ಬಿಡುವುದನ್ನು ನೋಡಬೇಕೆಂಬ ಆಸೆ ಎಂದಷ್ಟೇ ಅವಳು ಹೇಳಿದಳು. ಚಿಕ್ಕಪ್ಪ ಅದಕ್ಕೆ ಮದುಮಗ ಎಂದು ಹೆಸರಿಟ್ಟರು. ಬೆಳಿಗ್ಗೆ ಎದ್ದವರೇ ಅಂಗಳಕ್ಕೆ ಹೋಗಿ, ಬೆರಳಲ್ಲಿ ತಡವಿ ತಡವಿ ಎಳೆಯ ಎಲೆ ಕಿತ್ತು ತರುವರು. ಭರಣಿಗೆ ಕಿವಿಯಿಟ್ಟು, ಮದುಮಗ ಊಟಕ್ಕೆ ಕೂತ ಎಂದು ಸುದ್ದಿ ಕೊಡುವರು. ಕೆಲಸದ ನಡುವೆಯೂ, ಇವತ್ತು ಮದುಮಗನಿಗೆ ಹೂವು ಹಾಕಿದ್ದೀಯೇನೇ, ಇಲ್ಲದಿದ್ದರೆ ಬರೀಮೈಯಲ್ಲಿ ಕೂತಿರ್ತಾನೆ ಪಾಪ ಎನ್ನುವರು. ಅವರ ಸಂಭ್ರಮ ಹೆಚ್ಚಿದಷ್ಟೂ ಹಸಿರು ತನ್ನ ಕುಂಚವನ್ನು ಮತ್ತೆ ಮತ್ತೆ ನೀರಿಗದ್ದಿ ತೊಳೆಯುತ್ತಿದ್ದಳು. ಚಿಕ್ಕಪ್ಪ ತಮ್ಮ ಕುರ್ಚಿಗೇ ಮುಳುವಾಗುವ ಸಾಕ್ಷಿಯನ್ನು ತಾವೇ ಕೈಯಾರೆ ಎಲೆ ಹಾಕಿ ಬೆಳೆಸುತ್ತಿದ್ದರು.

ಹುಳು ಎರಡೆಲೆಗಳನ್ನು ಸಡಿಲವಾಗಿ ಹೆಣೆದುಕೊಂಡು ಒಳಗೆ ಕೋಶವಾಯಿತು. ಚಿಕ್ಕಪ್ಪನಿಗೆ ಆ ದಿನಗಳು ಮನೆಯಲ್ಲಿ ಬಾಣಂತಿ ಇದ್ದಂತೆ. ಕಿಟಕಿಯ ಬಳಿ ಯಾರಾದರೂ ಜೋರಾಗಿ ನಡೆದರೆ ಗದರುತ್ತಿದ್ದರು.

ಒಂದು ಬೆಳಿಗ್ಗೆ ಅವರು ಮೆಟ್ಟಿಲ ಮೇಲಿಂದಲೇ ಹಸಿರನ್ನು ಕೂಗಿದರು. ಅವಳು ಹೋಗುವಷ್ಟರಲ್ಲಿ ಪತಂಗ ಹೊರಬಂದು ಕಡ್ಡಿಗೆ ತೂಗುಬಿದ್ದಿತ್ತು. ಒದ್ದೆ ಬಟ್ಟೆಯಂತೆ ಸುಕ್ಕಾಗಿದ್ದ ರೆಕ್ಕೆ ನೋಡನೋಡುತ್ತ ಬಿಚ್ಚಿಕೊಂಡಿತು. ಎರಡು ಬಿಳಿಯ ಅಲೆ, ಒಂದು ಚೂಪು ಮೂಲೆ, ಮಿಕ್ಕಿದ್ದೆಲ್ಲ ಹಸಿರು. ಆಸರೆಯಾಗಿದ್ದ ಅನುಮಾನ ಅವಳ ಪಾಲಿಗೆ ಅಲ್ಲಿಗೆ ಮುಗಿಯಿತು.

ಚಿಕ್ಕಪ್ಪ ಅವಳ ಭುಜದ ಹಿಂದೆ ನಿಂತಿದ್ದರು. "ರೆಕ್ಕೆ ಬಿಚ್ಚಿತಾ?"

"ಬಿಚ್ಚಿತು."

"ಯಾವ ಬಣ್ಣ?"

ಅವಳು, ನಿಮಗೆ ಹೇಗೆ ಕಾಣುತ್ತೆ ಎಂದು ಕೇಳಿದಳು.

"ನನ್ನೇನು ಕೇಳ್ತೀಯ? ನನಗೆ ನಿನ್ನ ಮುಖವೂ ಹಳದಿ, ಆ ಗೋಡೆಯೂ ಹಳದಿ. ಅದಕ್ಕೇ ನಿನ್ನ ಕೇಳ್ತಿರೋದು."

ಸುಳ್ಳು ಹೇಳುವುದು ಎಷ್ಟು ಸುಲಭವಿತ್ತು! ಒಂದೇ ಪದ ಸಾಕಿತ್ತು. ಆ ಪದಕ್ಕಾಗಿಯೇ ಅವಳು ಬಾಯಿ ತೆರೆದಳು, ಆದರೆ ಅದು ನಾಲಿಗೆಗೆ ಬರಲಿಲ್ಲ. ಕಣ್ಣು ಕಾಣದವರು ನಂಬಿ ಕೇಳಿದಾಗ ಹೇಗೆ ಹೇಳುವುದು?

"ಹಸಿರು, ಚಿಕ್ಕಪ್ಪ."

ಅವರು ಕಿಟಕಿಯ ಕಟ್ಟೆ ತಡವಿ ಭರಣಿಯ ಮೇಲೆ ಕೈಯಿಟ್ಟರು. ಆಮೇಲೆ, ಬಣ್ಣದ ಕೆಲಸದವರು ಕೇಳುವ ಹಾಗೇ, ಎಂಥ ಹಸಿರು, ಎಲೆಹಸಿರಾ ಎಂದು ಕೇಳಿದರು. ಇಲ್ಲ, ಎಲೆಗಿಂತ ತಿಳಿ, ರೆಕ್ಕೆಯ ಒಳಗಡೆ ಬಿಸಿಲು ಬಿದ್ದಿರೋ ಹಾಗಿದೆ ಎಂದಳು. ಅದನ್ನು ಅವರು ಮನಸ್ಸಿನಲ್ಲೇ ಕಲಸಿ ನೋಡುತ್ತಿದ್ದಂತೆ ತಲೆಯಾಡಿಸಿದರು.

"ನಿನಗಿದು ಮೊದಲೇ ಗೊತ್ತಿತ್ತು."

"ಅನುಮಾನ ಇತ್ತು."

"ಕಳ್ಳಿ. ಇಷ್ಟು ದಿನ ನನ್ನ ಕೈಯಿಂದಲೇ ಎಲೆ ತರಿಸಿದೆಯಲ್ಲ." ಅವರು ನಕ್ಕರು. ನಗು ಪೂರ್ತಿಯಾಗಿ ಬರಲಿಲ್ಲ, ಆದರೂ ನಕ್ಕರು. "ನೀನು ಹೇಳಿದರೆ ಚಿಕ್ಕಪ್ಪನ ಕುರ್ಚಿಗೆ ಕಣ್ಣು ಹಾಕಿದಳು ಅಂತಾರೆ. ನಾನೇ ಅಕ್ಕನಿಗೆ ಹೇಳ್ತೀನಿ, ನಡಿ."

ದೊಡ್ಡತ್ತೆ ಎಲ್ಲವನ್ನೂ ಕೇಳಿಸಿಕೊಂಡು, ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ಭರಣಿ ನೋಡಿದರು. ಯಾರು ಅಂಗಳಕ್ಕೆ ಹೋಗಿದ್ದು ಎಂದು ಕೇಳಲಿಲ್ಲ. ಮಾದರಿ ಬದಲಾಯಿಸುವ ಅಧಿಕಾರ ಈ ಮನೆಯಲ್ಲಿ ಯಾರಿಗೂ ಇಲ್ಲ, ಕೊಟ್ಟವರನ್ನೇ ಕೇಳಿಕೊಂಡು ಬನ್ನಿ ಎಂದರು. ಹೊರಟವರ ಹಿಂದೆಯೇ ಬಾಗಿಲವರೆಗೆ ಬಂದು, ತಮ್ಮನ ಅಂಗಿಯ ತಪ್ಪಿ ಹಾಕಿದ್ದ ಗುಂಡಿಯನ್ನು ಸರಿಮಾಡಿ ಒಳಗೆ ಹೋದರು.

ಪುಸ್ತಕದಮ್ಮನ ಕೋಣೆಯಲ್ಲಿ ಗೋಡೆಯೇ ಕಾಣುತ್ತಿರಲಿಲ್ಲ, ಅಷ್ಟು ಕಪಾಟು. ಅವರ ಮಂಡಿ ಹಿಡಿದುಕೊಂಡು ಬಹಳ ಕಾಲವಾಗಿತ್ತು. ಹುಳುಗಳನ್ನೂ ಪತಂಗಗಳನ್ನೂ ಯಾರ್ಯಾರೋ ತಂದುಕೊಡುತ್ತಿದ್ದರು, ಅವರು ಕೂತಲ್ಲೇ ಬರೆಯುತ್ತಿದ್ದರು. ಭರಣಿಯನ್ನು ಕಂಡದ್ದೇ ಅವರು ಕೈಚಾಚಿ ಇಸಿದುಕೊಂಡರು. ಅದನ್ನು ಬೆಳಕಿಗೆ ಹಿಡಿದು, ಮೇಲಿನಿಂದ ನೋಡಿ, ಕೆಳಗಿನಿಂದ ನೋಡಿ, ಕಪಾಟಿನಿಂದ ತಮ್ಮ ಒಣಗಿದ ಪತಂಗ ತೆಗೆದು ಪಕ್ಕದಲ್ಲಿಟ್ಟು, ಭೂತಗನ್ನಡಿಯಲ್ಲಿ ಒಂದೊಂದು ಗೆರೆಯನ್ನೂ ಹೋಲಿಸಿದರು. ಗೆರೆ ಎಲ್ಲವೂ ಒಂದೇ. ಅವರ ಪತಂಗ ಮಾತ್ರ ಒಣಹುಲ್ಲು.

"ಹಾಗಾದರೆ ನನ್ನದು ಬಣ್ಣ ಎಲ್ಲಿ ಕಳಕೊಂಡು ಬಂತು?" ಎಂದು ಅವರು ಪತಂಗವನ್ನೇ ಕೇಳುವಂತೆ ಕೇಳಿದರು. ಕೋಪವಾಗಲಿ ಮುಜುಗರವಾಗಲಿ ಅವರ ಮುಖದಲ್ಲಿ ಇರಲಿಲ್ಲ, ಆಟ ಶುರುವಾಗುವಾಗ ಮಕ್ಕಳ ಮುಖದಲ್ಲಿ ಇರುವಂಥದ್ದು ಇತ್ತು.

ಅದು ತಮ್ಮ ಕೈಗೆ ಬಂದಾಗ ಕಾಗದದಲ್ಲಿ ಮಡಚಿ ಒಣಗಿ ಗಟ್ಟಿಯಾಗಿತ್ತು ಎಂದು ಅವರು ನೆನಪು ಮಾಡಿಕೊಂಡರು. ಗಟ್ಟಿಯಾದ ರೆಕ್ಕೆ ಬಿಚ್ಚಲು ಹೋದರೆ ಪುಡಿಯಾಗುತ್ತದೆ. ಆದ್ದರಿಂದ ಅದನ್ನು ಒದ್ದೆ ಮರಳಿನ ಡಬ್ಬದಲ್ಲಿ ಇಟ್ಟು ಮೆದುಮಾಡಿ, ಆಮೇಲೆ ರೆಕ್ಕೆ ಹರಡಿ, ಆ ಬಣ್ಣ ನೋಡಿ ಮಾದರಿ ಬರೆದದ್ದು. ಹೇಳುತ್ತ ಹೇಳುತ್ತ ಅವರ ಕಣ್ಣು ಕುಂಚ ಅದ್ದುವ ನೀರಿನ ಬಟ್ಟಲಿಗೆ ಹೋಯಿತು. ಹಿಂದೊಮ್ಮೆ ಬೇರೆ ಯಾವುದೋ ಹಸಿರು ಪತಂಗದ ಮೇಲೆ ಕುಂಚದ ನೀರು ಸಿಡಿದು ಒಂದು ಬಿಳಿಚುಕ್ಕೆ ಉಳಿದದ್ದು ಅವರಿಗೆ ನೆನಪಾಗಿತ್ತು. ಹಸಿರು ತನ್ನ ಕೈಚೀಲದಿಂದ ಒಂದು ಪೊಟ್ಟಣ ತೆಗೆದಳು. ಬಳ್ಳಿಯ ಬುಡದಲ್ಲಿ, ಯಾವುದೋ ಹಕ್ಕಿ ತಿಂದು ಉಳಿಸಿದ ಒಂದೇ ಒಂದು ಹಸಿರು ರೆಕ್ಕೆ ಅವಳಿಗೆ ಸಿಕ್ಕಿತ್ತು. ಪುಸ್ತಕದಮ್ಮ ಅದನ್ನು ಎರಡಾಗಿ ಕತ್ತರಿಸಿ, ಅರ್ಧವನ್ನು ಒಣ ಡಬ್ಬದಲ್ಲೂ ಅರ್ಧವನ್ನು ಒದ್ದೆ ಮರಳಿನ ಡಬ್ಬದಲ್ಲೂ ಇಟ್ಟು ಮುಚ್ಚಿದರು. ನಾಳೆ ಬನ್ನಿ, ನೀವು ಬರೋವರೆಗೂ ನಾನು ಮುಚ್ಚಳ ತೆಗೆಯೋದಿಲ್ಲ, ಆಣೆ ಎಂದರು. ಅಷ್ಟು ಹೊತ್ತೂ ನಿಂತೇ ಇದ್ದ ಚಿಕ್ಕಪ್ಪನನ್ನು ಗಮನಿಸಿ, ತಮ್ಮ ಕಾಲ ಕೆಳಗಿದ್ದ ಮಣೆಯನ್ನು ತಳ್ಳಿ ಕೂರಿಸಿದರು.

ಮಾರನೆಯ ದಿನ ಮುಚ್ಚಳ ತೆಗೆದಾಗ ಒಣ ಡಬ್ಬದ ಅರ್ಧ ಹಸಿರಾಗಿಯೇ ಇತ್ತು. ಒದ್ದೆ ಮರಳಿನದು ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು, ತೇವವೇ ಅದರ ಹಸಿರನ್ನು ತಿಂದಿತ್ತು. ಪುಸ್ತಕದಮ್ಮ ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಭರಣಿಯ ಪತಂಗವನ್ನು ಎದುರಿಗಿಟ್ಟುಕೊಂಡು ಅವತ್ತೇ ಹೊಸ ಮಾದರಿ ಬರೆದುಕೊಟ್ಟು, ಬಳ್ಳಿಯ ಮೇಲೆ ಬಿಟ್ಟುಬಿಡಿ ಇವನನ್ನು, ಇವನಿಗೂ ಕೆಲಸ ಇರುತ್ತೆ ಎಂದು ಭರಣಿ ಮರಳಿಸಿದರು. ಚಿಕ್ಕಪ್ಪ ಅಂಗಳಕ್ಕೆ ಬಂದು ತಮ್ಮ ಕೈಯಿಂದಲೇ ಬಟ್ಟೆ ಬಿಚ್ಚಿದರು. ಹೋದನಾ ಎಂದು ಕೇಳಿದರು. ಹೋದ ಎಂದಳು ಹಸಿರು.

ಅಲ್ಲಿಂದ ಅವರು ನೇರ ಹಿಂದಿನ ಕೋಣೆಗೆ ಹೋದರು. ಯಾರೂ ಹೋಗು ಎಂದಿರಲಿಲ್ಲ. ಗೋಂದಿನ ಬಟ್ಟೆ ಹುಡುಕಿ ಸೋಸಲು ಕೂತರು.

ಮೇಜಿನ ಹತ್ತಿರ ಕೆಲಸ ಸಾಗಲಿಲ್ಲ. ಹೊಸ ಮಾದರಿಯ ರೆಕ್ಕೆಯ ಬಣ್ಣ ಹಸಿರಿನ ಕೈಗೆ ಹತ್ತಲಿಲ್ಲ. ಅವಳ ಬಟ್ಟಲಿನ ಬಣ್ಣ ತಾಮ್ರದ ಕಿಲುಬಿನಿಂದ ಅರೆದದ್ದು. ಎಲೆಗೆ ಸರಿ, ರೆಕ್ಕೆಗೆ ಹಾಕಿದರೆ ಬಾಗಿಲಿಗೆ ಬಳಿದಂತೆ ಕೂರುತ್ತಿತ್ತು. ನೀರು ಸೇರಿಸಿ ತೆಳುಮಾಡಿದರೆ ನೀಲಿಗೆ ತಿರುಗಿ, ಅಣ್ಣ ಹೇಳಿದಂತೆ, ವಾಂತಿ ಬರುವವರ ಮುಖವಾಗುತ್ತಿತ್ತು. ಹಾಳೆಯ ಮೇಲೆ ಹಾಳೆ ಕೆಟ್ಟಿತು. ಅಣ್ಣ ತಮಾಷೆ ನಿಲ್ಲಿಸಿದ. ಚಿಕ್ಕಪ್ಪನ ಖಾಲಿ ಕುರ್ಚಿಯ ಕಡೆ ಯಾರೂ ನೋಡುತ್ತಿರಲಿಲ್ಲ, ನೋಡದೆ ಇರುವುದು ಎಲ್ಲರಿಗೂ ಗೊತ್ತಾಗುತ್ತಿತ್ತು. ಹಿಂದಿನ ಕೋಣೆಯಿಂದ ಕಥೆಯೂ ಕೇಳಿಬರಲಿಲ್ಲ.

ಕೊನೆಗೆ ಬೇಸತ್ತವರು ದೊಡ್ಡತ್ತೆ. ಚಿಕ್ಕಪ್ಪ ಹಿಂದೆಯೇ ಹಳದಿ ಹಾಕಿ ಮುಗಿಸಿದ್ದ ಹಾಳೆಗಳ ಕಟ್ಟೊಂದು ಮೂಲೆಯಲ್ಲಿತ್ತು. ಹಾಳೆ ಹಾಳುಮಾಡುವುದು ಅವರಿಗೆ ಜನ್ಮಕ್ಕೇ ಆಗದ ಕೆಲಸ. ಕಟ್ಟನ್ನು ತಂದು ಹಸಿರಿನ ಮುಂದೆ ಇಟ್ಟರು.

"ಇವನ್ನೇನು ಒಲೆಗೆ ಹಾಕೋದಾ? ಹೇಗೂ ಕೆಟ್ಟಿದೆ. ಇದರ ಮೇಲೇ ಹಾಕಿ ನೋಡು."

ಅವಳು ನೀರಾದ ಹಸಿರನ್ನು ಒಣಗಿದ ಹಳದಿಯ ಮೇಲೆ ಒಂದೇ ಸಲಕ್ಕೆ ಎಳೆದಳು. ಒದ್ದೆಯಿದ್ದಾಗ ಏನೂ ತಿಳಿಯಲಿಲ್ಲ. ಒಣಗುತ್ತ ಬಂದಂತೆ ಅಡಿಯಲ್ಲಿದ್ದ ಹಳದಿ ಮೆಲ್ಲಗೆ ಮೇಲೆದ್ದು ಬಂತು. ರೆಕ್ಕೆಯ ಒಳಗೆ ಬಿಸಿಲು ಬಿದ್ದಿತು. ಅಣ್ಣ ಕುಂಚ ಕೆಳಗಿಟ್ಟು ಎದ್ದು ಬಂದ. ಮಾದರಿಯನ್ನು ಹಸಿರು ಪಕ್ಕಕ್ಕೆ ಹಿಡಿದಳು, ಆಮೇಲೆ ಹಾಳೆಯನ್ನು ದೊಡ್ಡತ್ತೆಯ ಮುಂದೆ ಇಟ್ಟಳು.

ದೊಡ್ಡತ್ತೆ ಹಾಳೆಯನ್ನು ಕಿಟಕಿಗೆ ಹಿಡಿದರು. ಓರೆ ಮಾಡಿ ನೋಡಿದರು. ಅವರ ಬಾಯಿಂದ ಹೊಗಳಿಕೆ ಬಂದದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಅವತ್ತೂ ಕೇಳಲಿಲ್ಲ.

"ಹಳದಿ ಮೊದಲು ಬೇಕು ಹಾಗಾದರೆ" ಎಂದರು ಅವರು. "ಹಾಳೆ ಅವನ ಕೈಯಿಂದ ಹೊರಡಬೇಕು."

ಚಿಕ್ಕಪ್ಪನ ಕುರ್ಚಿಯನ್ನು ಅವರೇ ಎತ್ತಿ, ಹಸಿರು ಕೂರುತ್ತಿದ್ದ ಮೇಜಿನ ತಲೆಕಡೆಗೆ, ಕಿಟಕಿಯ ಮಗ್ಗುಲಿಗೆ ತಂದಿಟ್ಟರು. ಹಸಿರು ತನ್ನ ಕುರ್ಚಿಯನ್ನು ಒಂದು ಜಾಗ ಕೆಳಗೆ ಸರಿಸಿಕೊಂಡಳು. ಹಿಂದಿನ ಕೋಣೆಗೆ ಹೋಗಿ, ನಿಮ್ಮ ಹಳದಿ ಇಲ್ಲದೆ ನನ್ನ ಹಸಿರು ನಿಲ್ಲೋದಿಲ್ಲ ಎಂದಾಗ ಚಿಕ್ಕಪ್ಪ ನಂಬಲಿಲ್ಲ. ನನ್ನ ಸಮಾಧಾನಕ್ಕೆ ಏನೇನೋ ಹುಟ್ಟಿಸಬೇಡ, ಗೋಂದು ಸೋಸೋದೂ ಕೆಲಸವೇ ಎಂದರು. ಅವಳು ಅವರ ಕೈಹಿಡಿದು ಕರೆತಂದು, ಎರಡು ಹಾಳೆಗಳನ್ನು ಬೆಳಕಿಗೆ ಒಡ್ಡಿ ತೋರಿಸಿದಳು, ಒಂದು ಬರೀ ಹಸಿರು, ಒಂದು ಹಳದಿಯ ಮೇಲಿನ ಹಸಿರು. ಬಣ್ಣ ಬೇರೆ ಬೇರೆಯಾಗಿ ಅವರಿಗೆ ಕಾಣಲಿಲ್ಲ. ಆದರೆ ಒಂದು ಮಂಕು, ಇನ್ನೊಂದು ಬೆಳಕು ಎನ್ನುವುದು ಕಂಡಿತು. ಅವರು ಹಾಳೆಗಳನ್ನು ಅದಲುಬದಲು ಮಾಡಿಸಿ, ಬೆನ್ನು ತಿರುಗಿಸಿ, ಮತ್ತೆ ತೋರಿಸು ಎಂದರು. ಮತ್ತೆ ಸರಿಯಾಗಿ ಬೆರಳಿಟ್ಟರು. ಆಮೇಲೆ ಕೂತರು.

ಅಂಚಿನ ಚಿಂತೆ ಇದ್ದೇ ಇತ್ತು. ಹಳದಿ ಬಣ್ಣ ರೆಕ್ಕೆಯ ಗೆರೆ ದಾಟಿದರೆ ಮೇಲಿನ ಹಸಿರು ಅದನ್ನು ಮುಚ್ಚುವುದಿಲ್ಲ. ಅದರ ಮಾತು ಯಾರೂ ಎತ್ತಲಿಲ್ಲ. ಎರಡು ದಿನ ಕಳೆದ ಮೇಲೆ ಬೆಳಿಗ್ಗೆ ಚಿಕ್ಕಪ್ಪನ ಜಾಗದಲ್ಲಿ ಎಣ್ಣೆ ಹಚ್ಚಿ ಒಣಗಿಸಿದ ಒಂದು ದಪ್ಪ ಕಾಗದ ಬಿದ್ದಿತ್ತು. ಅದರಲ್ಲಿ ಪತಂಗದ ಆಕಾರ, ಆ ಚೂಪು ಮೂಲೆಯ ಸಮೇತ, ಕೂದಲೆಳೆ ತಪ್ಪದ ಹಾಗೆ ಕತ್ತರಿಸಿ ತೆಗೆದಿತ್ತು. ಹಾಳೆಯ ಮೇಲೆ ಇಟ್ಟರೆ ಕುಂಚಕ್ಕೆ ತಾನೇ ಬೇಲಿ. ಅಣ್ಣನ ಬೆರಳಿಗೆ ಕತ್ತರಿ ಒತ್ತಿದ ಗುರುತಿತ್ತು. ಇದು ಯಾರ ಕೆಲಸ ಎಂದು ಚಿಕ್ಕಪ್ಪ ಕೇಳಿದ್ದಕ್ಕೆ, ಯಾರೋ ಕೆತ್ತನೆಗಾರ ಇರಬೇಕು, ಅವನಿಗೆ ಹೆಂಡತಿ ಬೈಯದ ದಿನ ಎಂದ ಅಣ್ಣ.

ಅವತ್ತು ಚಿಕ್ಕಪ್ಪ ಬಿಡುವಿಲ್ಲದೆ ಹಳದಿ ಹಾಕಿದರು. ಮದುಮಗ ಭರಣಿಯಿಂದ ಹಾರಿದ ಕಥೆಗೆ ಬಾಲ ಕಟ್ಟಿದರು. ಅದು ಹಾರುವ ಮೊದಲು ತಮ್ಮ ಕಿವಿಯಲ್ಲಿ ಏನೋ ಹೇಳಿತಂತೆ, ಏನೆಂದು ಹೇಳಲು ಅನುಮತಿ ಇಲ್ಲವಂತೆ. ಹಸಿರಿಗೆ ಅವರ ಹಾಳೆಗಳು ಒಣಗುವುದನ್ನು ಕಾಯುವುದೇ ಕೆಲಸವಾಯಿತು. ಕೆಲವು ರೆಕ್ಕೆಗಳಲ್ಲಿ ಹಳದಿ ಒಂದು ಬದಿಗೆ ಗಟ್ಟಿಯಾಗಿ ನಿಂತಿರುತ್ತಿತ್ತು. ಅಲ್ಲಿ ಅವಳು ತನ್ನ ಹಸಿರನ್ನು ಇನ್ನಷ್ಟು ತೆಳುಮಾಡಿ ಸರಿದೂಗಿಸಿದಳು. ಅವರ ಕಣ್ಣು ಮುಂದೆಯೂ ಹೀಗೇ ಇರುತ್ತದೆಂದು ಯಾರೂ ಅಂದುಕೊಂಡಿರಲಿಲ್ಲ. ಈ ಪುಸ್ತಕಕ್ಕಂತೂ ಸಾಕಿತ್ತು.

ಊಟದ ಹೊತ್ತಾಯಿತು. ಅಣ್ಣ ಕೈತೊಳೆಯಲು ಎದ್ದ, ಹಸಿರೂ ಎದ್ದಳು. ಚಿಕ್ಕಪ್ಪ ತಲೆಯೆತ್ತಲಿಲ್ಲ. ಇದೊಂದು ರೆಕ್ಕೆ, ಅರ್ಧಕ್ಕೆ ಬಿಟ್ಟರೆ ಒಣಗಿದ ಕಡೆ ಗೆರೆ ನಿಂತುಬಿಡುತ್ತೆ, ನೀವು ಶುರು ಮಾಡಿ ಎಂದರು. ಒಂದು ಮುಗಿದ ಮೇಲೆ ಇನ್ನೊಂದನ್ನು ಎಳೆದುಕೊಂಡರು.

ಒಳಗಿನಿಂದ ದೊಡ್ಡತ್ತೆ ಬಂದರು. ಕೈಯಲ್ಲಿ ಬಿಸಿ ಆರದ ಊಟದ ತಟ್ಟೆ, ಎಲ್ಲ ಕಲಸಿ ಒಂದೇ ಕಡೆ ಕೂಡಿಟ್ಟದ್ದು, ತಡವುವ ಅಗತ್ಯವಿಲ್ಲದಂತೆ. ಅವರು ತಮ್ಮನ ಪಕ್ಕದಲ್ಲಿ ನಿಂತು, ಹಳದಿ ರೆಕ್ಕೆಯ ತುದಿ ಮುಟ್ಟುವವರೆಗೆ ಕಾದರು. ಕುಂಚ ಹಾಳೆಯಿಂದ ಮೇಲೆದ್ದಾಗ ಅದನ್ನು ಅವರ ಬೆರಳಿನಿಂದ ಬಿಡಿಸಿ ತೆಗೆದುಕೊಂಡು, ಆ ಕೈಗೆ ತಟ್ಟೆ ಕೊಟ್ಟರು.